ಪಂಚಾಯಿತಿ ಮೇಜಿನ ಮೇಲೆ ಅಮ್ಮನ ಕಳಸ

ದೇವರ ಮೇಲೆ ಆಣೆ ಇಟ್ಟು ತೆಂಗಿನಕಾಯಿ ಮಾರುವವನ ಹತ್ತಿರ ಕಾಯಿ ಕೊಳ್ಳಬೇಡಿ. ಅರಸೀಕೆರೆ ಮಾರುಕಟ್ಟೆಯಲ್ಲಿ ನಾನು ಕಲಿತ ಮೊದಲ ಪಾಠ ಇದು. ಕಾಯಿ ಚೆನ್ನಾಗಿದ್ದರೆ ಮಾರುವವನು ನಿಮ್ಮ ಕಿವಿಯ ಹತ್ತಿರ ಕುಲುಕಿ ತೋರಿಸುತ್ತಾನೆ, ಬೇಕಾದರೆ ಒಡೆದೂ ತೋರಿಸುತ್ತಾನೆ. ಒಳಗೆ ಕೊಳೆತಿದ್ದರೆ ಮಾತ್ರ ದೇವರನ್ನು ಕರೆಯುತ್ತಾನೆ. ಗಂಡ ಸತ್ತ ಮೇಲೆ ತಲೆಯ ಮೇಲೆ ಕುಕ್ಕೆ ಹೊತ್ತು ಹಳೇಬೀಡಿನ ಸಂತೆಯಲ್ಲಿ ಕಾಯಿ ಮಾರಲು ಕೂತವಳು ನಾನು. ಈಗ ಮಾದಿಹಳ್ಳಿ ಸುತ್ತಿನ ತೋಟಗಳ ಫಸಲನ್ನು ಮರದ ಮೇಲಿರುವಾಗಲೇ ಮಾತಾಡಿ ಹಿಡಿದು, ಲಾರಿಗೆ ತುಂಬಿಸಿ ಅರಸೀಕೆರೆಗೆ ಕಳಿಸುತ್ತೇನೆ. ಯಾರೂ ಕೈಹಿಡಿದು ಕಲಿಸಲಿಲ್ಲ. ಮೋಸ ಹೋಗಿ ಹೋಗಿ ಕಲಿತೆ. ಹಾಗೆ ಕಲಿತದ್ದನ್ನು ಪುಕ್ಕಟೆಯಾಗಿ ಹಂಚುವ ಚಟ ನನಗಿದೆ. ಕೇಳುವವರು ಕೇಳಿ, ಬಿಡುವವರು ಬಿಡಿ.

ನನ್ನ ಬಾಯಿಗೆ ಹೆದರಿಯೋ ಏನೋ, ಊರಿನವರು ನನ್ನನ್ನು ಗ್ರಾಮ ಪಂಚಾಯಿತಿಗೆ ಆರಿಸಿ ಕಳಿಸಿದರು. ಅಲ್ಲಿ ಹೋಗಿ ಕೂತ ಮೇಲೆ ತಿಳಿಯಿತು, ಸಂತೆಯೇ ವಾಸಿ ಅಂತ. ಸಂತೆಯಲ್ಲಿ ತಕ್ಕಡಿ ಒಂದೇ ಇರುತ್ತದೆ. ಪಂಚಾಯಿತಿಯಲ್ಲಿ ಎರಡಿದ್ದವು. ಒಂದು ಸರ್ಕಾರದ್ದು, ಇನ್ನೊಂದು ಊರಮ್ಮನ ಗುಡಿಯದು. ಮಾತು ಸರ್ಕಾರದ ತಕ್ಕಡಿಯಲ್ಲಿ ತೂಗಿ ಗೆದ್ದರೆ, ಸೋತವರು ಅದನ್ನು ಎತ್ತಿ ಗುಡಿಯ ತಕ್ಕಡಿಗೆ ಹಾಕುತ್ತಿದ್ದರು. ಅಲ್ಲಿ ತೂಕದ ಕಲ್ಲು ಒಬ್ಬನ ಕೈಯಲ್ಲೇ ಇತ್ತು. ಅವನು ಗುಡಿ ಸಮಿತಿಯ ಯಜಮಾನ. ಒಂದು ಕಾಲದಲ್ಲಿ ಪಂಚಾಯಿತಿ ಅಧ್ಯಕ್ಷನೂ ಆಗಿದ್ದ. ಅಧಿಕಾರ ಹೋದ ಮೇಲೂ ಅವನ ಕುರ್ಚಿ ಹೋಗಿರಲಿಲ್ಲ. ಅದು ಪಂಚಾಯಿತಿಯಿಂದ ಗುಡಿಗೆ ಬಂದಿತ್ತು, ಅಷ್ಟೆ.

ನೀರಿನ ಸಂಗತಿಯನ್ನೇ ತೆಗೆದುಕೊಳ್ಳಿ. ಊರಿಗೆ ಕುಡಿಯುವ ನೀರಿನ ಓವರ್‌ಹೆಡ್ ಟ್ಯಾಂಕು ಕಟ್ಟಿದ್ದು ಗುಡಿಯ ಹಿಂದೆ. ಪೈಪು ಎಲ್ಲ ಕೇರಿಗೂ ಹೋಯಿತು. ಪರಿಶಿಷ್ಟರ ಕಾಲೋನಿಗೆ ಮಾತ್ರ ಹೋಗಲಿಲ್ಲ. ಕಾಲೋನಿಗೂ ಟ್ಯಾಂಕಿಗೂ ನಡುವೆ ಒಂದು ಕಡೆ ಕೆರೆ ಏರಿ, ಇನ್ನೊಂದು ಕಡೆ ಯಜಮಾನನ ತೋಟ. ಉಳಿದ ದಾರಿ ಒಂದೇ, ಗುಡಿಯ ಅಂಗಳ. ಅದು ಸರ್ಕಾರಿ ಜಾಗ, ಪಹಣಿಯಲ್ಲೂ ಹಾಗೇ ಇದೆ. ಆದರೆ ಅಮ್ಮನ ಅಂಗಳ ಅಗೆಯಕೂಡದು, ಕಾಲೋನಿಗೆ ಹೋಗುವ ಪೈಪು ಅಲ್ಲಿ ಹಾಯಕೂಡದು ಅಂತ ಯಜಮಾನ ಹೇಳಿದ. ಗುಡಿಯ ಗೋಡೆಯ ಹೊರಮೂಲೆಗೆ ಒಂದು ನಲ್ಲಿ ಹಾಕಿಸಿಕೊಟ್ಟ. ಕಾಲೋನಿಯ ಹೆಂಗಸರು ಅಲ್ಲಿಗೇ ಬಂದು ಕೊಡಗಳ ಸಾಲು ಇಟ್ಟು ಕಾಯಬೇಕು. ಪಂಚಾಯಿತಿ ಸಭೆಯಲ್ಲಿ ಈ ಮಾತು ಎದ್ದಾಗಲೆಲ್ಲ ಸಿಕ್ಕ ಉತ್ತರ ಒಂದೇ: ‘ಗುಡಿ ಸಮಿತಿಯವರು ಒಪ್ಪಿದರೆ ಮಾಡೋಣ.’

ಹೀಗಿರುವಾಗ ಎರಡನೆಯ ಅವಧಿಯ ಅಧ್ಯಕ್ಷ ಸ್ಥಾನ ಪರಿಶಿಷ್ಟ ಜಾತಿಯ ಮಹಿಳೆಗೆ ಮೀಸಲಾಗಿ ಬಂತು. ಅಂಥವರು ನಮ್ಮ ಮೆಂಬರುಗಳಲ್ಲಿ ಇಬ್ಬರೇ ಇದ್ದರು. ಇಬ್ಬರೂ ಆ ಕಾಲೋನಿಯವರೇ. ಒಬ್ಬಳು ಯಜಮಾನನ ತೋಟದಲ್ಲಿ ಕೂಲಿ ಮಾಡುವವಳು. ಅವನು ಕೂರು ಅಂದರೆ ಕೂರುವವಳು, ಏಳು ಅಂದರೆ ಏಳುವವಳು. ಇನ್ನೊಬ್ಬಳು ಖಾಸಗಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದವಳು. ಊರೆಲ್ಲ ಟೀಚರಮ್ಮ ಅನ್ನುತ್ತಿತ್ತು. ತವರಿನವರು ಬೌದ್ಧರು. ಗಂಡನ ಮನೆಯವರು ಮಾತ್ರ ತಲೆತಲಾಂತರದಿಂದ ಗುಡಿಯ ಗೋಡೆಯಾಚೆ ನಿಂತು ಅಮ್ಮನಿಗೆ ಕಾಯಿ ಕೊಟ್ಟು ಕೈಮುಗಿಯುವವರು. ಟೀಚರಮ್ಮ ಅಧ್ಯಕ್ಷೆಯಾದರೆ ಮೊದಲ ಸಭೆಯಲ್ಲೇ ಪೈಪಿನ ನಿರ್ಣಯ ಆಗುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. ಅವಳು ನಿಂತದ್ದೇ ಅದಕ್ಕೆ. ಯಜಮಾನ ತನ್ನ ಕೂಲಿಯವಳನ್ನು ಎದುರು ನಿಲ್ಲಿಸಿದ್ದೂ ಅದಕ್ಕೇ.

ನಾನು ಅವಳ ಕಡೆ. ಅವಳ ಮೇಲಿನ ಪ್ರೀತಿಗಲ್ಲ. ನೀರಿನ ಸಾಲಿನಲ್ಲಿ ಬೆಳಗೆಲ್ಲ ಕಾಯುವ ಹೆಂಗಸರು ನನ್ನ ಕಾಯಿ ಸುಲಿಯಲು ಹೊತ್ತಿಗೆ ಸರಿಯಾಗಿ ಬರುತ್ತಿರಲಿಲ್ಲ. ಕಾರಣ ಏನೇ ಇರಲಿ, ಕೆಲಸ ಒಳ್ಳೆಯದಾದರೆ ಸಾಕು ಅನ್ನುವವಳು ನಾನು.

ಅವಳಿಗೆ ಮೊದಲ ಬುದ್ಧಿಮಾತು ಹೇಳಿದೆ. ಹಣೆಗೆ ಕುಂಕುಮ ಇಟ್ಟುಕೊಂಡು ಒಂದು ಶುಕ್ರವಾರ ಗೋಡೆಯಾಚೆ ನಿಂತು ಕೈಮುಗಿ, ನಾಲ್ಕು ಜನ ನೋಡಲಿ ಅಂತ. ಅವಳು ನಕ್ಕಳು.

“ಅಕ್ಕ, ನಾನು ಒಪ್ಪಿಸಬೇಕಾಗಿರೋದು ಮೆಂಬರುಗಳನ್ನ. ಅಮ್ಮನನ್ನಲ್ಲ.”

“ಮೆಂಬರುಗಳೇ ಅಮ್ಮನ ಹೆಸರಲ್ಲಿ ಮಾತಾಡೋದು ಕಣವ್ವ. ಅಮ್ಮ ಯಾವತ್ತೂ ಬಾಯಿ ಬಿಟ್ಟಿಲ್ಲ.”

ಅವಳು ಕುಂಕುಮ ಇಡಲಿಲ್ಲ. ಸರಿ, ಹಟಮಾರಿ ಗಿರಾಕಿ ಅಂತ ಬಿಟ್ಟು, ನಾನೇ ಮನೆಮನೆ ತಿರುಗಿದೆ. ಒಬ್ಬನಿಗೆ ಅವನ ಓಣಿಯ ಚರಂಡಿ, ಇನ್ನೊಬ್ಬನಿಗೆ ಬೀದಿದೀಪ. ಹೀಗೆ ಯಾರಿಗೆ ಏನು ಬೇಕೋ ಅದನ್ನು ಮಾತಾಡಿಕೊಂಡು ಬಂದೆ. ಕೊನೆಗೆ ಲೆಕ್ಕ ಒಂದೇ ಒಂದು ಓಟಿನ ಮೇಲೆ ಬಂದು ನಿಂತಿತು. ಅದು ಹಸು ಕಟ್ಟಿ ಡೇರಿಗೆ ಹಾಲು ಹಾಕುವ ಮನೆಯ ಸೊಸೆಯದು. ಟೀಚರಮ್ಮನ ಹತ್ತಿರ ಕೂತು ಸಭೆಯ ನೋಟೀಸು ಓದುವುದನ್ನು ಕಲಿತಿದ್ದವಳು. ಅವಳಿಗೆ ಬೀದಿದೀಪ ಏನೂ ಬೇಕಿರಲಿಲ್ಲ. ಟೀಚರಮ್ಮನಿಗೇ ಹಾಕುತ್ತೇನೆ ಅಂದಳು. ಅವಳ ಕಷ್ಟ ಬೇರೆ ಇತ್ತು, ಆಣೆಯದು.

ನಮ್ಮಲ್ಲಿ ಅಧ್ಯಕ್ಷರ ಚುನಾವಣೆಯ ಹಿಂದಿನ ಸಂಜೆ ಮೆಂಬರುಗಳನ್ನೆಲ್ಲ ಗುಡಿಗೆ ಕರೆಯುವ ವಾಡಿಕೆ ಇದೆ. ಪೂಜಾರಿ ತಟ್ಟೆಯಲ್ಲಿ ಕರ್ಪೂರ ಹಚ್ಚುತ್ತಾನೆ. ಒಬ್ಬೊಬ್ಬರಾಗಿ ಅದರ ಮೇಲೆ ಕೈ ಆಡಿಸಿ, ಇಂಥವರಿಗೇ ಓಟು ಹಾಕುತ್ತೇನೆ ಅಂತ ಅಮ್ಮನ ಎದುರು ಹೇಳಬೇಕು. ಯಾರು ಯಾರಿಗೆ ಹಾಕಿದರು ಅಂತ ತಿಳಿಯಬಾರದು ಅಂತ ಸರ್ಕಾರ ಚೀಟಿಯನ್ನು ಮಡಿಸಿ ಹಾಕಲು ಹೇಳಿದೆ. ಆ ಮಡಿಕೆಯನ್ನು ಯಜಮಾನ ಹಿಂದಿನ ಸಂಜೆಯೇ ಬಿಚ್ಚಿ ನೋಡಿಬಿಡುತ್ತಾನೆ. ಬರುವುದಿಲ್ಲ ಅಂದವನು ಎದುರಾಳಿ ಅಂತ ಗೊತ್ತಾಗಿಬಿಡುತ್ತದೆ. ಬಸದಿಯ ಕಡೆಯ ಸಾಹುಕಾರ ಮೆಂಬರೊಬ್ಬರು, ನಮ್ಮಲ್ಲಿ ಆಣೆ ಇಡುವ ಪದ್ಧತಿ ಇಲ್ಲ ಅಂದರು. ‘ನಿಮ್ಮ ಧರ್ಮ ನಿಮಗೆ ಸ್ವಾಮಿ’ ಅಂತ ಯಜಮಾನ ಕೈಮುಗಿದು ಬಿಟ್ಟುಬಿಟ್ಟ. ಅದೇ ಮಾತನ್ನು ಟೀಚರಮ್ಮ ಹೇಳಿದ್ದರೆ? ಅವಳನ್ನು ಕೇಳುವ ಪ್ರಶ್ನೆಯೇ ಏಳಲಿಲ್ಲ. ಕಾಲೋನಿಯವರು ಗುಡಿಯೊಳಗೆ ಬರುವಂತಿಲ್ಲವಲ್ಲ. ತೋಟದ ಕೂಲಿಯವಳೂ ಗೋಡೆಯಾಚೆ ನಿಂತಿದ್ದಳು. ಒಳಗೆ ಎಲ್ಲರೂ ಅವಳಿಗೇ ಓಟು ಅಂತ ಆಣೆ ಇಡುತ್ತಿದ್ದರು.

ನಾನೂ ಇಟ್ಟೆ. ಕಾಯಿ ಸುಲಿದು ಸುಲಿದು ದಡ್ಡುಗಟ್ಟಿದ ಕೈ, ಕರ್ಪೂರದ ಬಿಸಿ ತಟ್ಟಲೂ ಇಲ್ಲ. ಬೆದರಿಸಿ ಆಡಿಸಿದ ಮಾತಿಗೆ ದೇವರು ಸಾಕ್ಷಿ ನಿಲ್ಲುವುದಿಲ್ಲ ಅನ್ನುವುದು ನನ್ನ ನಂಬಿಕೆ, ಇವತ್ತಿಗೂ. ಆದರೆ ಹಾಲಿನ ಮನೆಯ ಸೊಸೆ ಹಾಗಲ್ಲ. ಮೊದಲ ಕೂಸನ್ನು ಕಳೆದುಕೊಂಡವಳು. ಎರಡನೆಯದು ಅಮ್ಮನ ಹರಕೆಯಿಂದ ಉಳಿದದ್ದು ಅಂತ ನಂಬಿದವಳು. ಬಾಯಿಂದ ಒಂದು ಸಲ ಮಾತು ಬಂದರೆ ಅವಳು ಮುರಿಯುವುದಿಲ್ಲ. ಆದ್ದರಿಂದ ಮಾತೇ ಬರದ ಹಾಗೆ ಮಾಡಬೇಕಿತ್ತು. ಅದಕ್ಕೆ ಒಂದು ಉಪಾಯ ಹೇಳಿಕೊಟ್ಟಿದ್ದೆ. ಮುಟ್ಟಾಗಿದ್ದೀನಿ, ಹೊರಗಾಗಿದ್ದೀನಿ ಅನ್ನು. ಯಾವ ಗಂಡಸೂ ಎರಡನೇ ಪ್ರಶ್ನೆ ಕೇಳುವುದಿಲ್ಲ ಅಂತ.

ಅವಳು ಗುಡಿಯ ಬಾಗಿಲಲ್ಲಿ ನಿಂತು ಹಾಗೇ ಹೇಳಿದಳು. ಯಜಮಾನ ಎರಡನೇ ಪ್ರಶ್ನೆ ಕೇಳಲಿಲ್ಲ. “ಆಗ್ಲಿ ಬುಡವ್ವ, ಮನೀಗೋಗು” ಅಂದ, ಅಷ್ಟೆ. ಗೆದ್ದೆವು ಅಂತ ನಾನು ಮನೆಗೆ ಬಂದು ಹೊಟ್ಟೆ ತುಂಬ ಉಂಡೆ.

ಮರುದಿನ ಪಂಚಾಯಿತಿ ಆಫೀಸಿಗೆ ಹೋಗುವಷ್ಟರಲ್ಲಿ ಬಾಗಿಲಿಗೆ ಮಾವಿನ ತೋರಣ ಕಟ್ಟಿತ್ತು. ಒಳಗೆ ಅಧ್ಯಕ್ಷರ ಮೇಜಿನ ಮೇಲೆ, ಹಸಿರು ಬಟ್ಟೆಯ ನಟ್ಟನಡುವೆ, ಅಮ್ಮನ ಕಳಸ ಕೂತಿತ್ತು. ಅಕ್ಕಿ, ಅರಿಶಿನ, ಹೂವು, ಎರಡು ದೀಪ. ಪೂಜಾರಿ ಪಕ್ಕದಲ್ಲಿ ನಿಂತಿದ್ದ. ಹೊಸ ಅಧ್ಯಕ್ಷರಿಗೆ ಅಮ್ಮನ ಆಶೀರ್ವಾದ ಆಗಲಿ ಅಂತ ಊರಿನವರ ಆಸೆ ಅಂತ ಯಜಮಾನ ಎಲ್ಲರಿಗೂ ಹೇಳುತ್ತಿದ್ದ. ಅವನು ಮೆಂಬರೇ ಅಲ್ಲ. ಗುಡಿಯವರ ಪರವಾಗಿ ಕಳಸದ ಜೊತೆ ಬಂದಿದ್ದೇನೆ ಅಂದ.

ಚುನಾವಣೆ ನಡೆಸಲು ಬೇಲೂರಿನಿಂದ ಅಧಿಕಾರಿಯೊಬ್ಬರು ಜೀಪಿನಲ್ಲಿ ಬಂದರು. ಒಳ್ಳೆಯ ಇಸ್ತ್ರಿ ಪ್ಯಾಂಟು, ಕಂಕುಳಲ್ಲಿ ಫೈಲು. ಬಾಗಿಲಿಗೆ ಬಂದವರು ಕಳಸ ನೋಡಿ, ಅಲ್ಲೇ ಬಗ್ಗಿ ಬೂಟಿನ ಲೇಸು ಬಿಚ್ಚಿದರು. ಬರಿಗಾಲಲ್ಲಿ ಒಳಗೆ ನಡೆದರು. ಆಗಲೇ ನನಗೆ ತಿಳಿದುಹೋಯಿತು, ಇವತ್ತು ಈ ಮನೆಯೊಳಗೆ ಸರ್ಕಾರ ಬಂದಿಲ್ಲ, ಭಕ್ತರು ಬಂದಿದ್ದಾರೆ ಅಂತ. ನೀವೂ ನೆನಪಿಡಿ: ಕೆಲಸಕ್ಕೆ ಬಂದ ಅಧಿಕಾರಿಯ ಕಾಲು ನೋಡಬೇಕು, ಮುಖ ಅಲ್ಲ.

ಕಾಲೋನಿಯ ಇಬ್ಬರಿಗೂ ಬಾಗಿಲ ಪಕ್ಕದಲ್ಲಿ, ಮೇಜಿನಿಂದ ದೂರಕ್ಕೆ ಕುರ್ಚಿ ಹಾಕಿತ್ತು. ಅಲ್ಲೇ ಕೂರಿ ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಬೇರೆ ಕುರ್ಚಿ ಖಾಲಿ ಇರಲಿಲ್ಲ, ಅಷ್ಟೆ. ಕೂಲಿಯವಳು ಅದರಲ್ಲೂ ಕೂರದೆ ಗೋಡೆಗೆ ಆತು ನಿಂತಳು.

ಹಾಲಿನ ಮನೆಯ ಸೊಸೆ ಬಂದಾಗ ಅವಳ ಅತ್ತೆಯೇ ಬಾಗಿಲಿಗೆ ಅಡ್ಡ ನಿಂತಿದ್ದಳು. ಯಾರು ಕರೆಸಿದ್ದರೋ ಹೇಳಬೇಕಾಗಿಲ್ಲ. ಯಜಮಾನ ದನಿ ಏರಿಸದೆ ಹೇಳಿದ.

“ಅಮ್ಮ ಒಳಗವಳೆ. ಹೊರಗಾದೋರು ಹೊಸ್ಲು ದಾಟಂಗಿಲ್ಲ. ನಾವು ಮಾಡಿದ ನೇಮ ಅಲ್ಲ ಇದು.”

ನಾನು ಹೇಳಿಕೊಟ್ಟ ಉಪಾಯವನ್ನೇ ಅವನು ಬೆಳಗಾಗುವಷ್ಟರಲ್ಲಿ ಹಗ್ಗ ಮಾಡಿ ತಂದಿದ್ದ. ಅವಳು ಗುಡಿಗೆ ಹೋಗದಿದ್ದರೆ ಗುಡಿಯನ್ನೇ ಅವಳ ಆಫೀಸಿಗೆ ತರುವುದು. ವ್ಯಾಪಾರದಲ್ಲಿ ಇಷ್ಟು ಚುರುಕಾದವನನ್ನು ನಾನು ಅರಸೀಕೆರೆಯಲ್ಲೂ ಕಂಡಿಲ್ಲ.

ಟೀಚರಮ್ಮ ಎದ್ದು ಅಧಿಕಾರಿಯ ಮುಂದೆ ನಿಂತಳು. ಆಯ್ಕೆಯಾದ ಸದಸ್ಯೆಯನ್ನು ತಡೆಯುವ ಹಾಗಿಲ್ಲ, ಕಳಸ ತೆಗೆಸಿ ಅಂದಳು. ಅಧಿಕಾರಿ ಗಡಿಯಾರ ನೋಡಿಕೊಂಡರು.

“ನೋಡಿ ಮೇಡಂ, ಇದು ಧಾರ್ಮಿಕ ವಿಷಯ. ಸರ್ಕಾರ ಧರ್ಮದಲ್ಲಿ ತಲೆ ಹಾಕಬಾರದು ಅಂತ ನೀವೇ ಮಕ್ಕಳಿಗೆ ಪಾಠ ಮಾಡ್ತೀರಲ್ಲ?”

ಕೂತಿದ್ದವರಲ್ಲಿ ಒಂದಿಬ್ಬರು ನಕ್ಕರು. ಟೀಚರಮ್ಮ ನಂಬಿಕೊಂಡು ಬಂದ ಮಾತನ್ನೇ ಹಿಡಿದು ಅವಳ ಬಾಯಿಗೆ ಬಡಿದಿದ್ದರು. ಧರ್ಮ ಬಂದು ಸರ್ಕಾರದ ಮೇಜಿನ ಮೇಲೆ ಕೂತರೆ ಅದು ತಲೆ ಹಾಕುವುದಲ್ಲವಂತೆ. ಸರ್ಕಾರ ಅದನ್ನು ಕೆಳಗಿಳಿಸಿದರೆ ಮಾತ್ರ ತಲೆ ಹಾಕಿದ ಹಾಗಂತೆ. ಮೇಡಂ ಕೂತುಕೊಳ್ಳಿ, ಹೊತ್ತಾಗುತ್ತಿದೆ, ಸಮಯ ಮೀರಿದರೆ ಬಂದವರಲ್ಲೇ ಚುನಾವಣೆ ಮುಗಿಸುತ್ತೇನೆ ಅಂದರು ಅಧಿಕಾರಿ.

ನಾನು ಬಾಗಿಲಿಗೆ ಹೋಗಿ ಸೊಸೆಯ ಕಿವಿಯಲ್ಲಿ, ಹೊರಗಾಗಿಲ್ಲ ಅಂತ ಹೇಳಿ ಒಳಗೆ ಬಾ ಅಂದೆ. ಅವಳು ಅತ್ತೆಯ ಮುಖ ನೋಡಿದಳು, ಟೀಚರಮ್ಮನ ಮುಖ ನೋಡಿದಳು. ಆಮೇಲೆ ಹೇಳಿದಳು, ಎಲ್ಲರಿಗೂ ಕೇಳುವ ಹಾಗೆ.

“ನಾನು ಹೊರಗಾಗಿಲ್ಲ. ನೆನ್ನೆ ಸುಳ್ಳೇಳ್ದೆ.”

ಅತ್ತೆ ಎದೆಗೆ ಕೈ ಇಟ್ಟುಕೊಂಡಳು. “ಅಮ್ಮನ ಬಾಗ್ಲಲ್ಲಿ ನಿಂತು ಸುಳ್ಳೇಳಿದ್ಯೇನೆ? ಒಂದು ಕೂಸು ತಿಂದ್ಕಂಡೆ. ಇನ್ನೊಂದೂ ಬ್ಯಾಡ್ವಾ ನಿಂಗೆ?”

ಈ ಮಾತು ಬಿದ್ದ ಮೇಲೆ ಸೊಸೆ ಹೊಸ್ತಿಲು ದಾಟಲು ಎತ್ತಿದ್ದ ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು. ಯಜಮಾನ ತುಂಬ ಮೆತ್ತಗೆ ಮುಂದೆ ಬಂದ. ತಪ್ಪು ಮನುಷ್ಯರು ಮಾಡದೆ ಮರ ಮಾಡುತ್ತದೆಯೇ, ಅಮ್ಮ ತಾಯಿ, ಕ್ಷಮಿಸುತ್ತಾಳೆ, ಕರ್ಪೂರ ಹಚ್ಚುತ್ತಾರೆ, ಒಂದು ಮಾತು ಹೇಳಿ ಒಳಗೆ ಬರಲಿ ಅಂದ. ಪೂಜಾರಿ ತಟ್ಟೆ ತೆಗೆದು ಮೇಜಿನ ಮೇಲಿಟ್ಟು ಕರ್ಪೂರ ಹಚ್ಚಿದ. ಪಕ್ಕದಲ್ಲೇ ಓಟಿನ ಚೀಟಿಗಳಿದ್ದವು. ಅಧಿಕಾರಿ ಕೈ ಚಾಚಿ, ಬೆಂಕಿ ತಾಗದ ಹಾಗೆ ಚೀಟಿಗಳನ್ನು ಅತ್ತ ಸರಿಸಿದರು. ಅವತ್ತು ಅವರು ಮಾಡಿದ ಕರ್ತವ್ಯ ಅದೊಂದೇ.

ಅವಳು ಕೈ ಆಡಿಸಿದಳು. ಮಗನ ಮೇಲೆ ಆಣೆ ಇಟ್ಟು ಕೂಲಿಯವಳ ಹೆಸರು ಹೇಳಿದಳು. ಟೀಚರಮ್ಮ ಅಲ್ಲೇ ಇದ್ದಳು, ಎಲ್ಲ ಕೇಳಿಸಿಕೊಂಡಳು. ಆಮೇಲೆ ಎಲ್ಲರೂ ಸಾಲಾಗಿ ಹೋಗಿ, ಕಾನೂನಿನ ಪ್ರಕಾರ, ಯಾರಿಗೂ ಕಾಣದ ಹಾಗೆ ಚೀಟಿಗೆ ಗುರುತು ಹಾಕಿ ಮಡಿಸಿ ಪೆಟ್ಟಿಗೆಗೆ ಹಾಕಿದೆವು. ನಾನು ಟೀಚರಮ್ಮನಿಗೇ ಹಾಕಿದೆ. ಎಣಿಸಿದಾಗ ಒಂದು ಓಟಿನಲ್ಲಿ ಸೋತಿದ್ದಳು.

ಗೆದ್ದವಳ ಸ್ಥಿತಿ ನೋಡಬೇಕಿತ್ತು. ಅಧಿಕಾರಿ ಅವಳ ಹೆಸರು ಘೋಷಿಸಿ, ಬನ್ನಿ ಕುರ್ಚಿಯಲ್ಲಿ ಕೂರಿ ಅಂದರು. ಅವಳು ಗೋಡೆ ಬಿಟ್ಟು ಅಲುಗಲಿಲ್ಲ. ಕಳಸ ಮೇಜಿನ ಮೇಲಿತ್ತಲ್ಲ. ಅಮ್ಮನ ಆಶೀರ್ವಾದ ಬಂದದ್ದು ಅವಳಿಗೇ, ಆದರೆ ಅಮ್ಮ ಇರುವವರೆಗೆ ಅವಳು ಹತ್ತಿರ ಬರುವಂತಿರಲಿಲ್ಲ. ಪೂಜಾರಿ ಕಳಸ ಎತ್ತಿಕೊಂಡು ಹೊರಟ. ಹೊರಡುವ ಮುಂಚೆ ಪ್ರಸಾದವನ್ನು ಎಲ್ಲರ ಅಂಗೈಗೆ ಇಟ್ಟ, ಅವಳ ಕೈಗೆ ಮೇಲಿಂದ ಬಿಟ್ಟ. ಆಮೇಲೆ ಅವಳು ಬಂದು ಕುರ್ಚಿಯ ಅಂಚಿನಲ್ಲಿ ಕೂತಳು. ನಾವೆಲ್ಲ ಚಪ್ಪಾಳೆ ತಟ್ಟಿದೆವು.

ಟೀಚರಮ್ಮ ಸುಮ್ಮನಿರಲಿಲ್ಲ. ಚುನಾವಣೆ ರದ್ದು ಮಾಡಿ ಅಂತ ಮೇಲಿನವರಿಗೆ ದೂರು ಕೊಟ್ಟಳು. ವಿಚಾರಣೆಗೆ ನಾನೂ ಸಾಕ್ಷಿಯಾಗಿ ಹೋದೆ. ಕಳಸ, ಕರ್ಪೂರ, ಬಾಗಿಲು, ಕಂಡದ್ದೆಲ್ಲ ಹೇಳಿದೆ. ಎದುರು ಕಡೆಯ ವಕೀಲ ಎರಡೇ ಪ್ರಶ್ನೆ ಕೇಳಿದ. ಹಿಂದಿನ ಸಂಜೆ ಗುಡಿಯಲ್ಲಿ ನೀವು ಆಣೆ ಇಟ್ಟಿದ್ದಿರಾ? ಇಟ್ಟಿದ್ದೆ ಅಂದೆ. ಹೇಳಿದ ಹಾಗೇ ಓಟು ಹಾಕಿದಿರಾ? ಇಲ್ಲ ಅಂದೆ. “ದೇವರ ಮುಂದೆ ಆಡಿದ ಮಾತೇ ನಿಲ್ಲದೋರು, ಇಲ್ಲಿ ಆಡಿದ್ದು ನಿಲ್ತದಾ ಸ್ವಾಮಿ?” ಅಂದ. ಅಲ್ಲಿದ್ದವರೆಲ್ಲ ನಕ್ಕರು. ಸರ್ಕಾರದ ಕಚೇರಿಯಲ್ಲಿ, ಸರ್ಕಾರದ ಮುಂದೆ ನಿಜ ಹೇಳಿದವಳ ತೂಕವನ್ನು ಗುಡಿಯ ತಕ್ಕಡಿಯಲ್ಲೇ ಹಾಕಿ ನೋಡಿದರು. ಹಾಲಿನ ಮನೆಯ ಸೊಸೆಯನ್ನು ಕರೆದರು. ನನ್ನನ್ನು ಯಾರೂ ಬಲವಂತ ಮಾಡಲಿಲ್ಲ, ನಾನೇ ಒಪ್ಪಿ ಕೈ ಇಟ್ಟೆ ಅಂದಳು. ಅತ್ತೆ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ದೂರು ವಜಾ ಆಯಿತು.

ಹೊಸ ಅಧ್ಯಕ್ಷೆಯ ಮೊದಲ ಸಭೆಯಲ್ಲಿ ಪೈಪಿನ ಮಾತು ಬಂದಾಗ ಅವಳು ಯಜಮಾನ ಕಲಿಸಿದ್ದನ್ನು ಒಪ್ಪಿಸಿದಳು. ಗುಡಿ ಸಮಿತಿಯವರು ಒಪ್ಪಿದರೆ ಮಾಡೋಣ. ಸಭೆ ಮುಗಿಸಿ ಹೋಗಿ, ಗುಡಿಯ ಮೂಲೆಯ ನಲ್ಲಿಯ ಸಾಲಿನಲ್ಲಿ ತನ್ನ ಕೊಡವನ್ನೂ ಇಟ್ಟಳು. ಅವಳ ಮನೆಗೂ ನೀರು ಅಲ್ಲಿಂದಲೇ ಹೋಗಬೇಕಿತ್ತು.

ಬೇಸಿಗೆ ಬಂತು. ಮೂಲೆಯ ನಲ್ಲಿ ಸಣ್ಣಗಾಯಿತು. ಕಾಲೋನಿಯ ಹಿರಿಯರು ಸೋತುಹೋದರು. ಯಜಮಾನನ ಹತ್ತಿರ ಹೋಗೋಣ ಅಂತ ತೀರ್ಮಾನಿಸಿದವರಲ್ಲಿ ಟೀಚರಮ್ಮನ ಮಾವನೇ ಮುಂದಾಳು. ಮಾತಾಡಲು ನನ್ನನ್ನು ಕರೆದರು. ಚೌಕಾಸಿ ಬಲ್ಲವಳು ಅಂತ. ನಾನು ಹೋದೆ. ಸೋತ ಪಕ್ಷದವರು ಚೌಕಾಸಿಗೆ ಕೂತಾಗ ಒಂದನ್ನಾದರೂ ಉಳಿಸಿಕೊಂಡು ಏಳಬೇಕು. ಅದಕ್ಕಾಗಿಯೇ ಹೋದೆ.

ಯಜಮಾನ ಎರಡು ಷರತ್ತು ಹಾಕಿದ. ಪೈಪು ಅಂಗಳದಲ್ಲಿ ಹಾಯಲಿ. ಆದರೆ ಕಾಲೋನಿಯವರು ಯಾವ ಕಾಲಕ್ಕೂ ಅಂಗಳಕ್ಕೆ ಕಾಲಿಡುವುದಿಲ್ಲ, ಹಕ್ಕು ಕೇಳುವುದಿಲ್ಲ ಅಂತ ಗೋಡೆಯಾಚೆ ನಿಂತು ಅಮ್ಮನ ಮೇಲೆ ಆಣೆ ಇಡಬೇಕು. ಇನ್ನು ಟೀಚರಮ್ಮ ಮತ್ತೆ ಚುನಾವಣೆಗೆ ನಿಲ್ಲಬಾರದು. ಎರಡನೆಯದರ ಮೇಲೆ ನಾನು ಪಟ್ಟು ಹಿಡಿದೆ. ಎದ್ದು ಹೊರಟೆ, ತಿರುಗಿ ಬಂದೆ, ಮತ್ತೆ ಎದ್ದೆ. ಕೊನೆಗೆ ಅವನು ಅದನ್ನು ಕೈಬಿಟ್ಟ. ಮೊದಲನೆಯದು ಒಂದಿಂಚೂ ಅಲುಗಲಿಲ್ಲ. ಹಿರಿಯರು ಕಾಯಿ ಒಡೆದು ಆಣೆ ಇಟ್ಟರು. ಆ ಕಾಯಿ ಕೊಟ್ಟದ್ದೂ ನಾನೇ. ಪಂಚಾಯಿತಿ ದುಡ್ಡಿನಲ್ಲೇ ಪೈಪು ಬಂತು. ಅಂಗಳದಲ್ಲಿ ಗುಂಡಿ ತೋಡಲು ಬಿಕ್ಕೋಡಿನ ಕಡೆಯಿಂದ ಆಳುಗಳನ್ನು ಕರೆಸಿದರು. ಕಾಲೋನಿಯ ಗಂಡಸರು ತಮ್ಮ ನೀರಿನ ಪೈಪನ್ನು ಬೇರೆಯವರು ಹೂಳುವುದನ್ನು ಗೋಡೆಯಾಚೆ ನಿಂತು ನೋಡಿದರು.

ನೀರು ಬಂದ ದಿನ ನಾನು ಕಾಲೋನಿಗೆ ಹೋದೆ. ಹೆಂಗಸರು ನಲ್ಲಿಗೆ ಅರಿಶಿನ ಹಚ್ಚಿದ್ದರು. ಟೀಚರಮ್ಮ ಖಾಲಿ ಕೊಡ ಹಿಡಿದು ಕೊನೆಯಲ್ಲಿ ನಿಂತಿದ್ದಳು.

“ಅಕ್ಕ, ಈ ನೀರು ಯಾರದು?” ಅಂತ ಕೇಳಿದಳು.

“ಸರ್ಕಾರದ್ದು ಕಣವ್ವ.”

“ಮತ್ತೆ ಇದಕ್ಕೆ ಚೌಕಾಸಿ ಯಾಕೆ ಮಾಡಿದ್ರಿ?”

ಕೊಡಕ್ಕೆ ಬಿದ್ದ ಮೇಲೆ ತಾನೆ ಸರ್ಕಾರದ್ದು, ಅಲ್ಲಿಯವರೆಗೆ ದಾರಿ ಯಾರದೋ ಅವರದು ಅಂದೆ. ನ್ಯಾಯ ಬರುವವರೆಗೆ ಬಾಯಾರಿಸಿಕೊಂಡು ಕೂರುವುದಕ್ಕೆ ಆಗುತ್ತದೆಯೇ ಅಂದೆ. ನಿನ್ನ ಬಾಗಿಲನ್ನಂತೂ ಮುಚ್ಚಗೊಡಲಿಲ್ಲ, ಇನ್ನೊಂದು ಚುನಾವಣೆ ಬರುತ್ತದೆ, ಈ ಸಲ ಓಟು ಹೇಗೆ ಕಟ್ಟಬೇಕು ಅಂತ ನಾನು ಹೇಳಿಕೊಡುತ್ತೇನೆ ಅಂತ ಧೈರ್ಯ ಹೇಳಲು ಹೋದೆ. ಅವಳು ಕೊಡವನ್ನು ನಲ್ಲಿಯ ಕೆಳಗಿಟ್ಟು, ತುಂಬುವುದನ್ನು ನೋಡುತ್ತ ಹೇಳಿದಳು.

“ನೀವು ಎದ್ದು ಬಂದ ಮೇಲೆ ನಮ್ಮ ಮಾವ ಇನ್ನೊಂದು ಕಾಯಿ ಒಡೆದ್ರು. ನಾನು ನಿಲ್ಲಲ್ಲ ಅಂತ ನನ್ನ ಹೆಸರಲ್ಲಿ ಅವರೇ ಆಣೆ ಇಟ್ಟು ಬಂದವ್ರೆ.”

ಯಜಮಾನ ಕೇಳಿದ್ದನಂತಾ ಅಂದೆ. ಇಲ್ಲ, ಯಾರೂ ಕೇಳಲಿಲ್ಲ, ನೀರು ಮತ್ತೆ ನಿಂತೀತು ಅಂತ ಹೆದರಿ ತಾವಾಗೇ ಇಟ್ಟರು ಅಂದಳು. ಕೊಡ ತುಂಬಿ ಚೆಲ್ಲುತ್ತಿತ್ತು. ಹಿಂದಿನವರು ಹೊತ್ತಾಯಿತು ಅಂತ ಕೂಗಿದರು. ಅವಳು ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡು ಒಳಗೆ ಹೋದಳು.